ಎರಡಿಂಚಿನ ಸಿಪಾಯಿಯ ನೆರಳು

ಎರಡಿಂಚು ಎತ್ತರದ ಮನುಷ್ಯನಿಗೆ ಅವನದೇ ನೆರಳು ಸಾಲುವುದಿಲ್ಲ. ನಮ್ಮ ನಿಮ್ಮ ಅಂಗಿಯ ಮಡಿಕೆಯೊಳಗೆ ಬೆರಳು ತೂರುತ್ತದೆ. ಅಲ್ಲಿ ಕತ್ತಲು ತಾನಾಗಿ ಬಂದು ಕೂರುತ್ತದೆ. 54 ಮಿಲಿಮೀಟರ್ ಸಿಪಾಯಿ ಬೊಂಬೆಯ ಕೋಟಿನ ಮಡಿಕೆಗೆ ಆಳವೆಲ್ಲಿಂದ ಬರಬೇಕು? ಟ್ಯೂಬ್‌ಲೈಟು ಅದರೊಳಕ್ಕೂ ಧಾರಾಳವಾಗಿ ಇಣುಕುತ್ತದೆ. ಮನುಷ್ಯನನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು, ಬೆಳಕನ್ನು ಕುಗ್ಗಿಸಲಾಗದು. ಹಾಗಾಗಿ ಅವನ ಪಾಲಿನ ನೆರಳನ್ನೂ ಬಿಸಿಲನ್ನೂ ನಾವೇ ಬಣ್ಣದಲ್ಲಿ ಬಳಿದುಕೊಡಬೇಕು.

ಸದ್ಯ ನನ್ನ ಮೇಜಿನ ಮೇಲೆ ನಿಂತಿರುವವನು 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಸಿಪಾಯಿ. ಮೈಸೂರಿನಲ್ಲಿ ಕೂತು ಇವನಿಗೆ ಸಿಂಗಾರ ಮಾಡುತ್ತಿದ್ದೇನಲ್ಲ ಎಂಬ ಮುಜುಗರ ಇದ್ದೇ ಇದೆ. ಆದರೆ ನೆರಳು ಬೆಳಕಿನ ವಿದ್ಯೆ ಕಲಿಸಲು ಅವನ ಕೆಂಪು ಕೋಟಿನಷ್ಟು ಖಡಕ್ ಮೇಷ್ಟ್ರು ಇನ್ನೊಬ್ಬರಿಲ್ಲ. ಬೆಳಕು ಬಿದ್ದ ಜಾಗ ತೋರಿಸಲು ಕೆಂಪಿಗೆ ಬಿಳಿ ಬೆರೆಸಿದಿರೋ, ಕೋಟು ಗುಲಾಬಿಯಾಗಿ ಸಿಪಾಯಿ ಯುದ್ಧ ಬಿಟ್ಟು ಮದುವೆಮನೆಯ ಬ್ಯಾಂಡ್‌ಸೆಟ್ಟಿಗೆ ಸೇರಿಬಿಡುತ್ತಾನೆ. ನೆರಳಿಗೆಂದು ಕಪ್ಪು ಬೆರೆಸಿದರೆ ಕೋಟು ಒಗೆಯದೆ ತಿಂಗಳಾದಂತೆ ಕಾಣುತ್ತದೆ. ಬೆಳಕಿಗೆ ಕಿತ್ತಳೆ, ನೆರಳಿಗೆ ಗಾಢ ಕಂದು ಇಲ್ಲವೇ ಚೂರು ಕಡುನೀಲಿ. ಕೆಂಪಿನ ಮರ್ಜಿಯೇ ಹಾಗೆ.

ಕೆಲಸಕ್ಕೊಂದು ಕ್ರಮವಿದೆ. ಮೊದಲು ಮೈತುಂಬ ಕಪ್ಪು ಪ್ರೈಮರ್. ಅದು ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿ ಸ್ಪ್ರೇ. ಮಟಮಟ ಮಧ್ಯಾಹ್ನದ ಸೂರ್ಯ ಎಲ್ಲೆಲ್ಲಿ ಮುಟ್ಟುತ್ತಾನೋ ಅಲ್ಲೆಲ್ಲ ಬಿಳಿ ಬೀಳುತ್ತದೆ. ಗದ್ದದ ಕೆಳಗೆ, ಕಂಕುಳಲ್ಲಿ ಕಪ್ಪು ಉಳಿಯುತ್ತದೆ. ಮುಂದಿನ ಕೆಲಸಕ್ಕೆಲ್ಲ ಇದೇ ನಕಾಶೆ. ಇದರ ಮೇಲೆ ತೆಳುವಾಗಿ ಮೂಲಬಣ್ಣ, ಅದರ ಮೇಲೆ ವಾಶ್. ವಾಶ್ ಎಂದರೆ ನೀರಿನಂಥ ತೆಳು ಬಣ್ಣ, ಇಲ್ಲಿ ಕಂದು. ತಾನಾಗಿ ಹರಿದು ಮಡಿಕೆಗಳಲ್ಲಿ, ಗುಂಡಿಗಳ ಸುತ್ತ ನಿಲ್ಲುತ್ತದೆ. ಇಂಗ್ಲೆಂಡಿನ ಸಿಟಡೆಲ್ ಬ್ರಾಂಡಿನ ಅಗ್ರಾಕ್ಸ್ ಅರ್ತ್‌ಶೇಡ್ ಎಂಬ ಇಂಥದೊಂದು ವಾಶ್‌ಗೆ ಹವ್ಯಾಸಿಗಳು ‘ದ್ರವರೂಪದ ಪ್ರತಿಭೆ’ ಎಂದು ಅಡ್ಡಹೆಸರಿಟ್ಟಿದ್ದಾರೆ. ಪ್ರತಿಭೆ ಬಾಟಲಿಯಲ್ಲಿ ಸಿಗುವುದಾದರೆ ಬೇಡ ಎನ್ನಲು ನಾನ್ಯಾರು?

ಆದರೂ ಬಾಟಲಿ ಮಾಡಿಕೊಡುವುದು ಅರ್ಧ ಕೆಲಸ. ವಾಶ್ ಒಣಗಿದ ಮೇಲೆ ಹೆಗಲು, ಮೊಣಕೈ, ಮಡಿಕೆಯ ಏಣುಗಳಿಗೆ ಮೂಲಬಣ್ಣವನ್ನೇ ಮತ್ತೊಮ್ಮೆ ಹಚ್ಚಬೇಕು. ಆಮೇಲೆ ಪದರಕ್ಕಿಷ್ಟು ಕಿತ್ತಳೆ ಬೆರೆಸುತ್ತ, ಹಚ್ಚುವ ಜಾಗವನ್ನು ಕಿರಿದು ಮಾಡುತ್ತ ಹೋಗಬೇಕು. ಬಣ್ಣ ನಮ್ಮ ಬೀದಿಯ ಹಾಲಿನವನ ಹಾಲಿನಷ್ಟು ತೆಳ್ಳಗಿದ್ದರೆ ಪದರಗಳ ನಡುವಿನ ಗೆರೆ ಕಾಣುವುದಿಲ್ಲ. ಕಟ್ಟಕಡೆಗೆ ಕಾಲರಿನ ಅಂಚಿಗೆ ಕುಂಚದ ಪಕ್ಕೆಯನ್ನು ಹಗುರಾಗಿ ಸವರಿದರೆ ಒಂದೇ ಒಂದು ಬೆಳಕಿನ ಎಳೆ. ಆ ಹೊತ್ತಿನಲ್ಲಿ ನಾನು ಉಸಿರು ಬಿಡುವುದಿಲ್ಲ. ಚಾಳೀಸಿನ ಮುಂದೆ ಭೂತಗನ್ನಡಿ ಬೇರೆ.

ಇದು ನಿನ್ನೆ ಮೊನ್ನೆಯ ಹುಚ್ಚೇನಲ್ಲ. 1400ರ ಸುಮಾರಿನಲ್ಲಿ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ, ಉಡುಪಿನ ಮಡಿಕೆ ಬರೆಯಲು ಒಂದೇ ಬಣ್ಣವನ್ನು ಗಾಢ, ನಡು, ತಿಳಿ ಎಂದು ಮೂರು ಬಟ್ಟಲಲ್ಲಿ ಕಲೆಸಿಟ್ಟುಕೊಳ್ಳಿ ಎಂದು ಬರೆದಿಟ್ಟ. ಅವನಿಗೂ ಎಷ್ಟೋ ಮೊದಲು ನಮ್ಮ ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಛಾಯೆ ಕೊಡುವ ಮೂರು ಬಗೆಗಳನ್ನು ಹೇಳಿತು. ಅದರಲ್ಲೊಂದು ಬಿಂದುಜ, ಚುಕ್ಕಿಗಳದು. ಸಿಪಾಯಿಯ ಕೆನ್ನೆಗೆ ನಾನಿಡುವುದೂ ಅದೇ ಚುಕ್ಕಿ.

ಇಷ್ಟು ಕುಲಗೋತ್ರ ಹೇಳಿದರೂ ನನ್ನ ಹೆಂಡತಿ ಒಪ್ಪಿಲ್ಲ. ಅವಳ ಮೊದಲ ತಕರಾರು ಕುಂಚದ ಬಗ್ಗೆ. ವಿಕ್ಟೋರಿಯಾ ರಾಣಿಗೆಂದು ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1866ರಲ್ಲಿ ಮಾಡಿಕೊಟ್ಟ ಕುಂಚದ ವಂಶದ್ದು ನನ್ನದು. ಅದರ ತುದಿ ಚೂಪಾಗಲೆಂದು ನಾನು ನಾಲಿಗೆಗೆ ಮುಟ್ಟಿಸಿದೊಡನೆ, “ರೀ, ಎಂಜಲು!” ಎಂದು ಒಳಗಿನಿಂದ ಕೂಗು. ಬಣ್ಣಗಳಲ್ಲಿ ವಿಷದ ಅಂಶವೂ ಇರಬಹುದಾದ್ದರಿಂದ ಮಡಿ ಇಲ್ಲಿ ವಿಜ್ಞಾನದ ಪರವಾಗಿಯೇ ನಿಂತಿದೆ. ಬಾಯಿ ಮುಚ್ಚಿಕೊಂಡು ಬಟ್ಟೆಗೆ ಒರೆಸುತ್ತೇನೆ. ಎರಡನೆಯ ತಕರಾರು ಬಂದೂಕಿನದು. ನಳಿಗೆಗೆ ಒಂದಿಷ್ಟು ತುಕ್ಕು ಬರೆಯುತ್ತಿದ್ದೆ.

“ಏನ್ರೀ ಅದು?”

“ತುಕ್ಕು.”

“ನಮ್ಮ ಗೇಟಿಗೆ ಪುಕ್ಕಟೆ ಬರ್ತಾ ಇದೆಯಲ್ಲ, ಅದು ಸಾಲದೆ? ಅದಕ್ಕೊಂದು ಕೋಟು ಬಣ್ಣ ಹೊಡೀರಿ ಅಂತ ಹೇಳಿ ಎರಡು ಯುಗಾದಿ ಆಯ್ತು.”

ಬೊಟ್ಟಿನಷ್ಟು ಬಾಟಲಿಗೆ ತೆತ್ತ ದುಡ್ಡಿನಲ್ಲಿ ಗೇಟಿನ ಎನಾಮೆಲ್ ಡಬ್ಬಿಯೇ ಬರುತ್ತಿತ್ತೆಂದು ನಾನಿನ್ನೂ ಅವಳಿಗೆ ಹೇಳಿಲ್ಲ.

ಲಂಡನ್ನಿನಲ್ಲಿ ವಿಲಿಯಂ ಬ್ರಿಟನ್ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ದಾಗ ಈ ರಗಳೆಗಳೊಂದೂ ಇರಲಿಲ್ಲ. ಕೋಟಿಗೆ ಮಿರಮಿರ ಮಿಂಚುವ ಕೆಂಪು, ಮುಗಿಯಿತು. ಎಚ್‌.ಜಿ. ವೆಲ್ಸ್ ಎಂಬ ಕಾದಂಬರಿಕಾರ ಅಂಥವರನ್ನು ನೆಲದ ಮೇಲೆ ಹರಡಿಕೊಂಡು ಆಡಿ, ಆಟದ ನಿಯಮಗಳನ್ನೇ 1913ರಲ್ಲಿ ಪುಸ್ತಕ ಮಾಡಿದ. ಕೆಡವಿ ಆಡುವ ಸಿಪಾಯಿಗೆ ಅಷ್ಟು ಬಣ್ಣ ಸಾಕು. ಕೈಯಲ್ಲಿ ಹಿಡಿದು ಮುಖ ನೋಡುವ ಸಿಪಾಯಿಗೆ ಸಾಲದು.

ಮುಖವೇ ಕಷ್ಟ. ಮೂಗಿನ ಪಕ್ಕದಿಂದ ಬಾಯಿಗಿಳಿಯುವ ಗೆರೆ ಎಲ್ಲಿ ಮುಗಿಯುತ್ತದೆ, ಕಣ್ಣ ಕೆಳಗಿನ ಗುಳಿ ಎಷ್ಟು ಗಾಢ ಎಂದು ನೋಡಿಕೊಳ್ಳಲು ಗೋಡೆಯ ಮೇಲಿದ್ದ ಅಪ್ಪನ ಫೋಟೊ ಇಳಿಸಿದೆ. ಅದರಲ್ಲಿ ಗೆರೆಯೂ ಇಲ್ಲ, ಗುಳಿಯೂ ಇಲ್ಲ. ಆಗಿನ ಸ್ಟುಡಿಯೊಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು. ಆಡಿಸಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತಿತ್ತು. “ಚೆನ್ನಾಗಿ ಕಾಣೋ ಹಾಗೆ ಮಾಡಿಕೊಡಪ್ಪ” ಎಂದು ಅಮ್ಮನೇ ಹೇಳಿದ್ದಳಂತೆ. ಪುಣ್ಯಾತ್ಮ ಮಾಡಿಕೊಟ್ಟ. ಮಿಲ್ಲಿನ ರಾತ್ರಿಪಾಳಿ ವರ್ಷಗಟ್ಟಲೆ ಕೂತು ಅಪ್ಪನ ಕಣ್ಣ ಕೆಳಗೆ ಕೊರೆದದ್ದನ್ನೆಲ್ಲ ಒಂದು ಪೆನ್ಸಿಲ್ ಅರ್ಧ ಗಂಟೆಯಲ್ಲಿ ತುಂಬಿಸಿಬಿಟ್ಟಿತು. ನಯವಾದ ಮುಖದ ಯಾರೋ ಒಬ್ಬರು ಚೌಕಟ್ಟಿನಲ್ಲಿದ್ದಾರೆ. ಮೊಮ್ಮಕ್ಕಳು ಅವರನ್ನೇ ತಾತ ಎಂದುಕೊಂಡಿದ್ದಾರೆ.

ಕೊನೆಗೆ ನೆನಪಿನಿಂದಲೇ ಆ ಗುಳಿಗಳನ್ನು ಬರೆದೆ, ಕೆಂಗಂದು ಬಣ್ಣ ತೆಳು ಮಾಡಿ, ಚುಕ್ಕಿ ಚುಕ್ಕಿಯಾಗಿ. ಈಗ ಟಿಪ್ಪುವಿನ ಕೋಟೆಗೆ ನುಗ್ಗಿದ ಬ್ರಿಟಿಷ್ ಸಿಪಾಯಿಯ ಮುಖದಲ್ಲಿ ಮಿಲ್ಲಿನ ರಾತ್ರಿಪಾಳಿಯ ಸುಸ್ತು ಬಂದು ಕೂತಿದೆ. ಇತಿಹಾಸಕಾರರು ಕ್ಷಮಿಸಬೇಕು.

ಸ್ಟುಡಿಯೊದವನ ಪೆನ್ಸಿಲ್ ಈಗ ಎಲ್ಲರ ಮೊಬೈಲಿನೊಳಗೆ ಬ್ಯೂಟಿ ಮೋಡ್ ಆಗಿ ಕೂತಿದೆ. ನೆರಳನ್ನೆಲ್ಲ ಅಳಿಸಿದರೆ ಉಳಿಯುವುದು ಪ್ರೈಮರ್ ಮಾತ್ರ. ನಿಮ್ಮ ಅಪ್ಪ ಅಮ್ಮನ ಫೋಟೊ ತೆಗೆಯುವಾಗಲಾದರೂ ದಯವಿಟ್ಟು ಅದನ್ನು ಆಫ್ ಮಾಡಿ.