ಕರಿ ಹೊಗೆಯ ಹುಚ್ಚು

ಉಗಿ ಎಂಜಿನ್ನನ್ನು ಬಾಯ್ತುಂಬ ಕೊಂಡಾಡುವ ಬಹಳಷ್ಟು ಮಂದಿ ಅದರ ಹಿಂದಿನ ಡಬ್ಬಿಯಲ್ಲಿ ಕೂತವರಲ್ಲ. ಕೂತವರ ನೆನಪೇ ಬೇರೆ: ಕಿಟಕಿಗೆ ಮುಖ ಕೊಟ್ಟರೆ ಕಣ್ಣಿಗೆ ಬೀಳುವ ಇದ್ದಲ ಚೂರು, ಊರು ಮುಟ್ಟುವಷ್ಟರಲ್ಲಿ ಬೂದಿಬಣ್ಣಕ್ಕೆ ತಿರುಗಿದ ಬಿಳಿ ಧೋತರ, ಅದನ್ನು ಒಗೆಯುವಾಗ ಅವ್ವ ಇಡೀ ರೈಲ್ವೆಗೆ ಹಾಕುತ್ತಿದ್ದ ಶಾಪ. ನನ್ನ ಅಣ್ಣನ ಮಗ ಇದ್ಯಾವುದನ್ನೂ ಕಂಡವನಲ್ಲ. ಅದಕ್ಕೇ ಅವನಿಗೆ ಉಗಿ ಎಂಜಿನ್ ಎಂದರೆ ಪಂಚಪ್ರಾಣ.

ಇಂಗ್ಲೆಂಡಿನವರು ಹಳೆಯ ಎಂಜಿನ್ನುಗಳನ್ನು ತಿಕ್ಕಿ ತೊಳೆದು ಹಳ್ಳಿಗಾಡಿನಲ್ಲಿ ವಿಹಾರಕ್ಕೆ ಓಡಿಸುವ ವಿಡಿಯೊಗಳನ್ನು ಅವನು ರಾತ್ರಿಯಿಡೀ ನೋಡುತ್ತಾನೆ. ಕೆಲವು ವಿಹಾರಗಳಲ್ಲಿ ಜನ ನಡುದಾರಿಯಲ್ಲಿ ಇಳಿದು ಕ್ಯಾಮೆರಾ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಖಾಲಿ ಗಾಡಿ ಹಿಂದಕ್ಕೆ ಹೋಗಿ, ಮತ್ತೆ ಹೊಗೆ ಕಾರುತ್ತ ಅವರೆದುರು ಹಾದು ಬರುತ್ತದೆ. ನಮ್ಮ ಮದುವೆ ವಿಡಿಯೊದವನು ‘ತಾಳಿ ಇನ್ನೊಮ್ಮೆ ಹಿಡೀರಿ’ ಅಂದ ಹಾಗೆ.

“ಕಾಕಾ, ಇಂಥಾದ್ದು ನಮ್ಮ ಕಡೆ ಯಾಕಿಲ್ಲ?”

“ಇತ್ತಲ್ಲೋ ತಮ್ಮಾ. ಟಿಕೀಟು ತಗೊಂಡು ಹತ್ತಿ ಬ್ಯಾಸತ್ತು ಬಿಟ್ವಿ.”

1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯವರು ಬೆಳಗಾವಿ, ಖಾನಾಪುರ, ಲೋಂಡಾ ಮಾರ್ಗವಾಗಿ ಮೀಟರ್ ಗೇಜ್ ಹಾಸಿದರು. ವಿವೇಕಾನಂದರು 1892ರಲ್ಲಿ ಬೆಳಗಾವಿಗೆ ಬಂದು ಗೋವಾಕ್ಕೆ ಹೋದದ್ದು ಉಗಿಯ ಕಾಲದಲ್ಲೇ. 1990ರ ದಶಕದಲ್ಲಿ ಆ ಹಳಿ ಕಿತ್ತು ಬ್ರಾಡ್ ಗೇಜ್ ಆಯಿತು. ಈಗ ಜೋಡಿ ಹಳಿ, ಮೇಲೆ ತಂತಿ. 2024ರಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬೇರೆ. ಕಲ್ಲಿದ್ದಲು ಇಂದಿಗೂ ರೈಲು ಹತ್ತುತ್ತದೆ, ಆದರೆ ಎಂಜಿನ್ನಿನ ಹೊಟ್ಟೆಗಲ್ಲ. ಮರ್ಮಗೋವಾ ಬಂದರಿನಿಂದ ವ್ಯಾಗನ್ನುಗಳಲ್ಲಿ ಲೋಂಡಾ ದಾಟಿ ತೋರಣಗಲ್ಲಿಗೆ ಹೋಗುತ್ತದೆ.

ಉಗಿ ಬೇಕೇಬೇಕು ಎಂಬುವವರು ನೀಲಗಿರಿಗೆ ಹೋಗಬೇಕು. ಮೆಟ್ಟುಪಾಳಯದಿಂದ ಕೂನೂರಿನ ಹಲ್ಲುಹಳಿಯ ಮೇಲೆ ಏರುವಾಗ ಎಂಜಿನ್ ಇರುವುದು ಹಿಂದೆ, ಡಬ್ಬಿಗಳು ಮುಂದೆ. ವಿಡಿಯೊ ಮಾಡುವವನಿಗೆ ಮೊದಲು ಕಾಣುವುದು ಕಿಟಕಿಯಿಂದ ಕೈ ಬೀಸುವ ಜನ. ಗಾಡಿಯೆಲ್ಲ ಹಾದ ಮೇಲೆ ಹೊಗೆ. ಹುಡುಗನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನಿಗೆ ಹೊಗೆ ಮುಂದೇ ಬೇಕು, ಅದೂ ಕರ್ರಗೆ ಇರಬೇಕು.

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಓಣಿಯಲ್ಲೇ ಒಬ್ಬ ಅಜ್ಜ ಇದ್ದಾರೆ, ಉಗಿಯ ಕಾಲದಲ್ಲಿ ಫಾಯರ್‌ಮನ್ ಆಗಿದ್ದವರು. ಕರಿ ಹೊಗೆಯ ಮಾತೆತ್ತಿದರೆ ಅವರಿಗೆ ಸಿಟ್ಟು. “ಕರಿ ಹೊಗಿ ಅಂದ್ರ ಸುಡಲಾರದ ಕಲ್ಲಿದ್ಲು ಚಿಮಣಿ ಹಾದಿ ಹಿಡದೈತಿ ಅಂತ. ತುಸು ತುಸು ತಗೊಂಡು ಹರವಿ ಹಾಕಬೇಕ್ರಿ. ಒಮ್ಮೆಲೆ ಸುರುವಿದ್ರ ಹೊಗಿ ಬರತೈತಿ, ಸ್ಟೀಮ್ ಬರೂದಿಲ್ಲ.” ಜಗತ್ತಿನ ಕ್ಯಾಮೆರಾಗಳೆಲ್ಲ ಚಪ್ಪಾಳೆ ತಟ್ಟುವ ದೃಶ್ಯ ಈ ಅಜ್ಜನ ಲೆಕ್ಕದಲ್ಲಿ ಕೆಲಸಗೇಡಿತನ. ಬೆಳ್ಳಗಿನದು ಬೇರೆ: ಉಗಿ ತಣ್ಣನೆಯ ಗಾಳಿಗೆ ತಾಗಿ ಹನಿಗಟ್ಟಿದ್ದು. ಚಳಿಗಾಲದ ಮುಂಜಾನೆ, ಏರುದಾರಿ, ತುಂಬಿದ ಗಾಡಿ — ಈ ಮೂರೂ ಕೂಡಿದರೆ ಅದು ಮೋಡದಂತೆ ಏಳುತ್ತದೆ. ಇಳಿಜಾರಿನಲ್ಲಿ ಡ್ರೈವರ್ ರೆಗ್ಯುಲೇಟರ್ ಮುಚ್ಚಿದರೆ ತೋರಿಸಲು ಏನೂ ಇಲ್ಲ. ಸಿನೆಮಾ ಹುಟ್ಟಿದಾಗಿನಿಂದ ಕ್ಯಾಮೆರಾ ಉಗಿ ಎಂಜಿನ್ನಿನ ಬೆನ್ನು ಹತ್ತಿದೆ. ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದಾಗ ಅವುಗಳಲ್ಲೊಂದು ರೈಲು ನಿಲ್ದಾಣಕ್ಕೆ ಬರುವುದೇ. ಉಗಿ ಎಂಜಿನ್ ತನ್ನ ದುಡಿತವನ್ನು ಮೈಮೇಲೇ ತೋರಿಸುತ್ತದೆ: ಸರಳುಗಳು ಹಿಂದೆ ಮುಂದೆ ಆಡುತ್ತವೆ, ಏದುಸಿರು ಕಣ್ಣಿಗೆ ಕಾಣುತ್ತದೆ. ಕರೆಂಟಿನ ಎಂಜಿನ್ ಎಷ್ಟೋ ಪಟ್ಟು ಹೆಚ್ಚು ಎಳೆದರೂ ಮುಖದಲ್ಲಿ ಒಂದು ಹನಿ ಬೆವರಿಲ್ಲ. ಅಂಥವನನ್ನು ಯಾರು ವಿಡಿಯೊ ಮಾಡುತ್ತಾರೆ?

ಆದರೂ ಡಿಸೆಂಬರಿನ ಒಂದು ಮುಂಜಾನೆ ಹೋದೆವು. ದೇಸೂರು, ಇದಲಹೊಂಡ ದಾಟಿ ಖಾನಾಪುರ. ಹುಡುಗ ಹಳಿಯ ಮಗ್ಗುಲಿಗೇ ನಿಲ್ಲುವೆನೆಂದ. ರೈಲ್ವೆ ಕಾಯ್ದೆಯ 147ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಇದೆ ಎಂದು ಹೇಳಿ ದೂರ ಎಳೆದು ತಂದೆ. ಮಲಪ್ರಭೆಯ ಕಡೆ ಮಂಜಿತ್ತು, ಏರುದಾರಿಯೂ ಇತ್ತು: ಖಾನಾಪುರಕ್ಕಿಂತ ಬೆಳಗಾವಿ ಎತ್ತರದಲ್ಲಿದೆ. ಎಲ್ಲ ಸರಂಜಾಮು ಸಜ್ಜಾಗಿದ್ದು, ಮದುಮಗನೊಬ್ಬನೇ ಗೈರುಹಾಜರು. ಪ್ಯಾಸೆಂಜರ್ ಗಾಡಿ ಬಂತು, ಸುಯ್ಯೆಂದು ಹೋಯಿತು. ಹುಡುಗ ಮುಖ ಸಣ್ಣದು ಮಾಡಿಕೊಂಡ.

ಚಹಾದಂಗಡಿಯ ಆಚೆ ಒಂದು ಭಟ್ಟಿ ಹೊತ್ತಿಸಿದ್ದರು. ಖಾನಾಪುರದ ಮಣ್ಣು ಹಂಚಿಗೆ, ಮಡಕೆಗೆ ಹೆಸರಾದದ್ದು. ಹಸಿ ಕಟ್ಟಿಗೆ ಇರಬೇಕು, ಹೊಗೆ ದಟ್ಟವಾಗಿ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ನಾನು ಭಜಿ ಮುಗಿಸುವಷ್ಟರಲ್ಲಿ ಹುಡುಗ ಅದನ್ನು ಮೂರು ದಿಕ್ಕಿನಿಂದ ಹಿಡಿದುಕೊಂಡಿದ್ದ. ರಾತ್ರಿ ಮೊಬೈಲಿನಲ್ಲಿ ಕೂತು ಆ ಹೊಗೆಯನ್ನು ಕತ್ತರಿಸಿ ಎಂಜಿನ್ನಿನ ತಲೆಗೆ ಅಂಟಿಸಿದ, ಎಲ್ಲಿಂದಲೋ ಒಂದು ಸೀಟಿಯನ್ನೂ ತಂದು ಸೇರಿಸಿದ. ನೋಡಿದವರೆಲ್ಲ ವಾಹ್ ಅಂದರಂತೆ.

ಅಜ್ಜನಿಗೂ ತೋರಿಸಿದ. ಅವರು ಚಾಳೀಸು ಏರಿಸಿ ನೋಡಿದರು.

“ಯಾಂವಪಾ ಇಂವ ಫಾಯರ್‌ಮನ್? ಬುಟ್ಟಿಗಟ್ಟಲೆ ಸುರುವ್ಯಾನ! ದೇಸೂರ ಮುಟ್ಟೂದ್ರಾಗ ಸ್ಟೀಮ್ ಬೀಳತೈತಿ ನೋಡು.”

“ಅಜ್ಜಾ, ಅದು ಕರೆಂಟ್ ಎಂಜಿನ್.”

“ಕರೆಂಟ್ ಎಂಜಿನ್ನಿಗೆ ಇಷ್ಟು ಹೊಗಿ? ಹಂಗಾರ ಒಳಗ ಏನೋ ಸುಟ್ಟೈತಿ. ಮೊದಲ ಕಂಟ್ರೋಲಿಗೆ ಫೋನ್ ಹಚ್ಚೋ!”