ಚೌಕಿಗೆ ಪೊಲೀಸರು ಬರಬಾರದು

ಮೊನ್ನೆ ಯಾರೋ ನನ್ನ ಯಕ್ಷಗಾನದ ವೆಬ್‌ಸೈಟಿನಲ್ಲಿ ‘ಚೌಕಿ’ ಎಂದು ಹುಡುಕಿದ್ದರು. ನಾನೂ ಅದನ್ನೇ ಹೊಡೆದು ನೋಡಿದೆ. ಮುಖಕ್ಕೆ ಬಣ್ಣ ಬಳಿದುಕೊಳ್ಳುವ ವೇಷಧಾರಿಗಳು, ಚೌಕಿಪೂಜೆ, ಕಿರೀಟ ಕಟ್ಟುವ ಕ್ರಮ ಎಲ್ಲ ಬಂದವು. ಪೊಲೀಸ್ ಚೌಕಿ ಒಂದೂ ಇಲ್ಲ. ಈ ಖುಷಿಯನ್ನು ಮನೆಯಲ್ಲಿ ಹೇಳಿಕೊಂಡರೆ, ‘ಅದಕ್ಕೇನೀಗ?’ ಎಂದರು.

ಇಡೀ ಅಂತರಜಾಲದಲ್ಲಿ ‘ಮೇಳ’ ಹುಡುಕಿದವರಿಗೆ ಗೊತ್ತು ಅದಕ್ಕೇನೀಗ ಅಂತ. ಕುಂಭಮೇಳ, ಕೃಷಿ ಮೇಳ, ಉದ್ಯೋಗ ಮೇಳ ಎಲ್ಲ ದಾಟಿ ಕಟೀಲು ಮೇಳ ತಲುಪುವಷ್ಟರಲ್ಲಿ ಮಂಗಳ ಹಾಡುವ ಹೊತ್ತು. ಮುದ್ದಣ ಎಂದರೆ ರಾಮಾಶ್ವಮೇಧ. ಅವನದೇ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಪ್ರಸಂಗಗಳಿಗೆ ಹಿಂದಿನ ಸಾಲಿನಲ್ಲೇ ಜಾಗ. ಎಲ್ಲಿ ಹುಡುಕಬೇಕು, ಎಲ್ಲಿ ಕೂಡದು ಎಂದು ನಾವೇ ಗೆರೆ ಎಳೆಯುವ ಸೌಕರ್ಯವನ್ನು ಗೂಗಲ್ 2006ರಲ್ಲೇ ಕೊಟ್ಟಿತು. ಆಗ ಕಸ್ಟಮ್ ಸರ್ಚ್, ಈಗ ಪ್ರೋಗ್ರಾಮೆಬಲ್ ಸರ್ಚ್. ಕಾಸಿಲ್ಲದ್ದು, ಹಾಗಾಗಿ ಜಾಹೀರಾತು ಸಹಿಸಿಕೊಳ್ಳಬೇಕು. ಕೋಡ್ ಅಂಟಿಸುವುದು ದೊಡ್ಡ ವಿದ್ಯೆಯೇನಲ್ಲ.

ವಿದ್ಯೆ ಇರುವುದು ತಾಣಗಳ ಪಟ್ಟಿಯಲ್ಲಿ, ನನ್ನ ಜಗಳವೂ ಅಲ್ಲೇ. ಇಂಥದೇ ಹುಡುಕಾಟ ಕಟ್ಟಿಕೊಂಡಿರುವ ಗೆಳೆಯನೊಬ್ಬ ಕನ್ನಡದ ಪತ್ರಿಕೆಗಳನ್ನೆಲ್ಲ ಸೇರಿಸಿಟ್ಟಿದ್ದಾನೆ. ‘ಇರಲಿ ಮಾರಾಯ, ಜಾಸ್ತಿ ಇದ್ದರೆ ನಷ್ಟವೇನು?’ ನಷ್ಟವೆಂದರೆ, ‘ವೇಷ’ ಹುಡುಕಿದರೆ ಅಧಿಕಾರಿಯ ವೇಷದಲ್ಲಿ ಸಿಕ್ಕಿಬಿದ್ದ ಕಳ್ಳ ಬರುತ್ತಾನೆ. ಪತ್ರಿಕೆಯ ಇಡೀ ತಾಣ ಯಾಕೆ? ಸಂಸ್ಕೃತಿ ವಿಭಾಗದ ವಿಳಾಸವೊಂದನ್ನೇ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದರಡಿಯ ಪುಟಗಳಷ್ಟೇ ಒಳಗೆ ಬರುತ್ತವೆ. ಇದನ್ನು ಅವನಿಗೆ ಹೇಳಿ ಹೇಳಿ ಸೋತಿದ್ದೇನೆ. ಇನ್ನು ಕೆಲವರು ವಿಷಯದ ಹುಡುಕಾಟ ಕಟ್ಟಿ, ‘ಇಡೀ ವೆಬ್ಬಿನಲ್ಲಿ ಹುಡುಕು’ ಎಂಬ ಆಯ್ಕೆ ಇದ್ದಾಗ ಅದಕ್ಕೂ ಟಿಕ್ ಹಾಕುತ್ತಿದ್ದರು. ಬೇಲಿ ಕಟ್ಟಿ ತಡಮೆ ತೆರೆದಿಟ್ಟ ಹಾಗೆ.

ಬೇರೆಯವರ ತಾಣಗಳಿಗೆ ಗೂಗಲ್ ಸಾಕು. ನನ್ನಲ್ಲಿರುವ ಪ್ರಸಂಗದ ಪದ್ಯಗಳಿಗೆ ಮಾತ್ರ ನಾನೇ ಪದಸೂಚಿ ಕಟ್ಟಿದೆ. ಮಜಾ ಇರುವುದು ಅಲ್ಲಿ. ‘ಅರ್ಜುನ’ ಎಂದು ಹುಡುಕಿದರೆ ‘ಕರ್ಣಾರ್ಜುನ ಕಾಳಗ’ ಬರುವುದಿಲ್ಲ. ಸಂಧಿಯಲ್ಲಿ ಆ ‘ಅ’ ಕರಗಿಹೋಗಿದೆ, ಯಂತ್ರಕ್ಕೆ ಕೇಶಿರಾಜ ಗೊತ್ತಿಲ್ಲ. ‘ಪ್ರಸಂಗದ’ ಎಂಬಲ್ಲಿ ದ ಕತ್ತರಿಸಲು ಕಲಿಸಿದರೆ ಅದೇ ಉತ್ಸಾಹದಲ್ಲಿ ನಾರದನನ್ನೂ ‘ನಾರ’ ಮಾಡಿಬಿಡುತ್ತದೆ. ‘ದೇವಿ’ಯ ಏತ್ವ ಒಬ್ಬರ ಕಡತದಲ್ಲಿ ಒಂದೇ ಸಂಕೇತ, ಇನ್ನೊಬ್ಬರಲ್ಲಿ ಎತ್ವ ಬೇರೆ, ದೀರ್ಘ ಬೇರೆ. ಕಣ್ಣಿಗೆ ಎರಡೂ ಒಂದೇ, ಹೋಲಿಸಿ ನೋಡುವ ಯಂತ್ರಕ್ಕೆ ಎರಡು ದೇವಿ. ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು, ಅಕ್ಷರಗಳ ನಡುವೆ ಕಾಣದೆ ಕೂತ ಜೋಡಕಗಳನ್ನು ಕಿತ್ತು ಹಾಕಬೇಕು. ಆಮೇಲೆ ‘ಮಹಾತ್ಮೆ’, ‘ಮಹಾತ್ಮ್ಯೆ’, ‘ಮಾಹಾತ್ಮ್ಯ’ ಎಲ್ಲ ಒಂದೇ ಎಂದು ಕೈಯಾರೆ ಪಟ್ಟಿ ಬರೆಯಬೇಕು. ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮೇಳಗಳು ಒಳಗಾದ ಮೇಲೆ ಮಳೆಗಾಲದ ಸಂಜೆಗಳನ್ನು ನಾನು ಕಳೆಯುವುದು ಈ ಪಟ್ಟಿಯ ಜೊತೆ. ಜನ ಹೇಗೆಲ್ಲ ಬರೆದು ಹುಡುಕುತ್ತಾರೆಂದು ಲಾಗ್ ನೋಡಿ ಒಂದೊಂದೇ ಸೇರಿಸುವುದರಲ್ಲಿ ಊಟದ ಹೊತ್ತು ಮೀರಿದ್ದೂ ತಿಳಿಯುವುದಿಲ್ಲ.

ಪಟ್ಟಿಗೂ ನಿಲುಕದ್ದು ಸ್ಕ್ಯಾನ್ ಶೂರರ ಕೆಲಸ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿದ್ದರೆ ಪರಿವರ್ತಕಗಳಿವೆ, ಹೇಗೋ ಸಂಭಾಳಿಸಬಹುದು. ಆದರೆ ಅಪರೂಪದ ಪ್ರಸಂಗ ಪುಸ್ತಕವನ್ನು ಮೊಬೈಲಿನಲ್ಲಿ ವಾರೆಯಾಗಿ ಫೋಟೊ ಹೊಡೆದು, ಪುಟಪುಟಕ್ಕೂ ಅಡ್ಡಲಾಗಿ ತಮ್ಮ ಹೆಸರಿನ ವಾಟರ್‌ಮಾರ್ಕ್ ಒತ್ತುತ್ತಾರಲ್ಲ, ಅವರಿಗೆ ಏನೆನ್ನಬೇಕು? ಅಕ್ಷರ ಗುರುತಿಸುವ ತಂತ್ರಾಂಶ ಭಾಮಿನಿಯ ನಡುವೆ ಅವರ ಹೆಸರನ್ನು ತುರುಕುತ್ತದೆ, ಇಲ್ಲವೇ ಆ ಸಾಲನ್ನೇ ನುಂಗುತ್ತದೆ. ಕವಿಯ ಹೆಸರಿದ್ದ ಹಾಳೆ ಮಾತ್ರ ಬಿಟ್ಟುಹೋಗಿರುತ್ತದೆ. ಕಲಾಸೇವೆಯಂತೆ!

ನಿಮ್ಮ ಅಟ್ಟದಲ್ಲಿ ಹಳೆಯ ಪ್ರಸಂಗ ಪುಸ್ತಕವಿದ್ದರೆ ದಯವಿಟ್ಟು ಯುನಿಕೋಡಿನಲ್ಲಿ ಟೈಪ್ ಮಾಡಿ ಹಾಕಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ನೆಟ್ಟಗೆ ಸ್ಕ್ಯಾನ್ ಮಾಡಿ, ಪದ್ಯದ ಮೇಲೆ ಏನೂ ಒತ್ತಬೇಡಿ. ನಿಮ್ಮ ಹೆಸರನ್ನು ಮೊದಲ ಪುಟದಲ್ಲಿ ಎಷ್ಟು ದೊಡ್ಡದಾಗಿ ಬೇಕಾದರೂ ಹಾಕಿಕೊಳ್ಳಿ, ಅದನ್ನೂ ಯುನಿಕೋಡಿನಲ್ಲೇ. ಹುಡುಕಿದರೆ ನೀವೂ ಸಿಗುತ್ತೀರಿ.