ನಮ್ಮೂರಿಗೆ ರೈಲಿಲ್ಲ, ಆದ್ರೂ ನಾನು ಕಲ್ಲು ಎಸೆದಿದ್ದೆ

ನಮ್ಮ ಹೊನ್ನಾಳಿಗೆ ಇವತ್ತಿಗೂ ರೈಲಿಲ್ಲ. ಹೊಳೆ ಇದೆ, ಸೇತುವೆ ಇದೆ, ಬಸ್ ಸ್ಟ್ಯಾಂಡ್ ಇದೆ. ರೈಲು ಹತ್ತಬೇಕಂದ್ರೆ ಶಿವಮೊಗ್ಗಕ್ಕೋ ಹರಿಹರಕ್ಕೋ ದಾವಣಗೆರೆಗೋ ಹೋಗಬೇಕು. ಹಾಗಾಗಿ ಚಿಕ್ಕವನಿದ್ದಾಗ ನನಗೆ ರೈಲು ಅಂದ್ರೆ ಬೇಸಿಗೆ ರಜೆ. ದಾವಣಗೆರೆಯಲ್ಲಿ ಅತ್ತೆ ಮನೆ. ಮನೆ ಹಿಂದೆ ಎರಡು ಓಣಿ ದಾಟಿದರೆ ಹಳಿ.

ಕಳೆದ ಮಳೆಗಾಲದಲ್ಲಿ ಒಂದು ವಾರ ಊರಿಂದಲೇ ಕೆಲಸ ಮಾಡ್ತಿದ್ದೆ. ಒಂದು ಸಂಜೆ ಟೀಮ್ ಕಾಲ್ ನಡೀತಿರುವಾಗ ಅಕ್ಕನ ಫೋನ್ ಮೂರು ಸಲ ಬಂತು. ನಾಲ್ಕನೇ ಸಲ ಎತ್ತಿದೆ. "ಪುಟ್ಟನ್ನ ರೈಲ್ವೆ ಪೊಲೀಸ್ರು ಕರ್ಕೊಂಡು ಹೋಗಿದಾರಂತೆ ಕಣೋ. ನಿಮ್ಮ ಭಾವ ಊರಲ್ಲಿಲ್ಲ. ಬೇಗ ಬಾರೋ" ಅಂತ ಅಳ್ತಿದ್ದಳು. ಪುಟ್ಟನಿಗೆ ಹದಿನೈದು ವರ್ಷ, ಹತ್ತನೇ ಕ್ಲಾಸು. ಅಕ್ಕನ ಮನೆ ಇರೋದು ಹಳಿ ಪಕ್ಕದ ಒಂದು ಊರಲ್ಲಿ. ಲ್ಯಾಪ್‌ಟಾಪ್ ಮುಚ್ಚಿ ಬೈಕ್ ಹತ್ತಿದೆ.

ಠಾಣೆಯಲ್ಲಿ ನಾಲ್ಕು ಹುಡುಗರು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಹಳಿ ಮಧ್ಯೆ ನಿಂತು, ಹಿಂದೆ ರೈಲು ಬರುವ ಹಾಗೆ ರೀಲ್ಸ್ ಮಾಡ್ತಿದ್ದರಂತೆ. ಗಸ್ತಿನಲ್ಲಿದ್ದವರು ನೋಡಿ ಕರೆತಂದಿದ್ದರು. ಅಲ್ಲಿನ ಅಧಿಕಾರಿ ಬೈಯಲಿಲ್ಲ, ಕೂಗಾಡಲಿಲ್ಲ. ನನ್ನನ್ನು ಕೂರಿಸಿ, ಹುಡುಗರ ಫೋನಿನಲ್ಲೇ ಇದ್ದ ವಿಡಿಯೋ ತೋರಿಸಿದರು. ನಮ್ಮ ಪುಟ್ಟನ ಕೈಯಲ್ಲಿ ಹಳಿಯ ಜಲ್ಲಿಕಲ್ಲು.

"ಕೈಯಲ್ಲಿತ್ತು ಸಾರ್, ಎಸೆದಿರಲಿಲ್ಲ. ಎಸೆದಿದ್ರೆ ನಮ್ಮ ಮಾತುಕತೆನೇ ಬೇರೆ ಥರ ಇರ್ತಿತ್ತು" ಅಂದರು.

ಬೇರೆ ಥರ ಅಂದ್ರೆ ಏನು ಅಂತ ಅವತ್ತು ರಾತ್ರಿ ಕೂತು ಓದಿದೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಹಳಿ ಮೇಲೆ ಹೋಗೋದೇ ಅಪರಾಧ: ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪ್ರಯಾಣಿಕರ ಸುರಕ್ಷತೆಗೆ ಬೇಕಂತಲೇ ಅಪಾಯ ತಂದರೆ 153ನೇ ಸೆಕ್ಷನ್, ಐದು ವರ್ಷದವರೆಗೆ ಜೈಲು. ಜನರಿಗೆ ಪೆಟ್ಟಾಗಲಿ ಎಂಬ ಉದ್ದೇಶದಿಂದ, ಅಥವಾ ಆಗಬಹುದು ಅಂತ ಗೊತ್ತಿದ್ದೂ ರೈಲಿಗೆ ಕಲ್ಲು ಎಸೆದರೆ 152. ಅದಕ್ಕೆ ಹತ್ತು ವರ್ಷದವರೆಗೆ, ಅಷ್ಟೇ ಅಲ್ಲ, ಜೀವಾವಧಿವರೆಗೂ ಶಿಕ್ಷೆ ಇದೆ.

ಹದಿನೆಂಟು ತುಂಬದವರಿಗೆ 2015ರ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಅವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೈಗೆ ಕೋಳ ತೊಡಿಸುವಂತಿಲ್ಲ. ಪ್ರಕರಣ ಮುಂದುವರಿದರೆ ಹೋಗೋದು ಬಾಲನ್ಯಾಯ ಮಂಡಳಿಗೆ. ಸಣ್ಣ ಅಪರಾಧಗಳಿಗೆ ಸಾಮಾನ್ಯವಾಗಿ ಎಫ್‌ಐಆರ್ ಕೂಡ ಹಾಕೋದಿಲ್ಲ. ನಮ್ಮ ಹುಡುಗರ ವಿಷಯ ಮುಚ್ಚಳಿಕೆ ಪತ್ರದಲ್ಲಿ ಮುಗೀತು. ಅಕ್ಕ ನಡುಗುವ ಕೈಯಲ್ಲಿ ಸಹಿ ಹಾಕಿದಳು.

ಇನ್ನೊಂದು ವಿಷಯವೂ ಅವತ್ತೇ ತಿಳಿದಿದ್ದು. ರೈಲಿನಲ್ಲಿ ಕಾಣೋ ಪೊಲೀಸರೆಲ್ಲ ಒಂದೇ ಅಲ್ಲ. ಆರ್‌ಪಿಎಫ್ ಅಂದ್ರೆ ಕೇಂದ್ರದ ಪಡೆ, ರೈಲ್ವೆ ಇಲಾಖೆಯದು. ಹಳಿ ಅತಿಕ್ರಮಣದಂಥ ಪ್ರಕರಣಗಳನ್ನು ನೋಡೋದು ಅವರು. ಜಿಆರ್‌ಪಿ ನಮ್ಮ ರಾಜ್ಯದ್ದೇ ರೈಲ್ವೆ ಪೊಲೀಸ್. ಕಳ್ಳತನ, ಹಲ್ಲೆ, ಸಾವುನೋವು ಅವರ ಪಾಲಿಗೆ. ಎಷ್ಟೇ ಜನ ಇದ್ದರೂ ಇಡೀ ಹಳಿಗೆ ಕಾವಲು ನಿಲ್ಲೋಕಾಗಲ್ಲ. ಅದಕ್ಕೇ ಆರ್‌ಪಿಎಫ್‌ನವರು ಹಳಿ ಪಕ್ಕದ ಶಾಲೆಗಳಿಗೆ, ಹಳ್ಳಿಗಳಿಗೆ ಹೋಗಿ ಮಕ್ಕಳ ಹತ್ತಿರ ಮಾತಾಡ್ತಾರೆ.

ಮಾತಾಡಲೇಬೇಕಾದ ಪರಿಸ್ಥಿತಿಯೂ ಇದೆ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಉದ್ಘಾಟನೆ ಆಯ್ತು. ವಾರ ತುಂಬುವುದರೊಳಗೆ ನಮ್ಮ ದಾವಣಗೆರೆ ಹತ್ತಿರವೇ ಅದಕ್ಕೆ ಕಲ್ಲು ಬಿತ್ತು, ಕಿಟಕಿ ಗಾಜು ಹಾಳಾಯ್ತು. ಅದೇ ವರ್ಷ ಫೆಬ್ರುವರಿಯಲ್ಲಿ ಮೈಸೂರು–ಚೆನ್ನೈ ವಂದೇ ಭಾರತ್‌ಗೆ ಬೆಂಗಳೂರಿನ ಕೆ.ಆರ್. ಪುರಂ ಕಡೆ ಹೀಗೇ ಆಗಿತ್ತು. ಬರೀ ಸುದ್ದಿಯಾಗಿ ಓದಿ, "ಎಂಥ ಜನಾನಪ್ಪ" ಅಂತ ಮುಂದಕ್ಕೆ ಸ್ಕ್ರಾಲ್ ಮಾಡಿದ್ದವನು ನಾನು.

ಠಾಣೆಯಿಂದ ಬರುವಾಗ ಅಕ್ಕ ಮುಂದೆ ಆಟೋದಲ್ಲಿ ಹೋದಳು. ಪುಟ್ಟ ನನ್ನ ಬೈಕ್ ಹಿಂದೆ. ದಾರಿಯಲ್ಲಿ ಒಂದು ಹೋಟೆಲ್ ಮುಂದೆ ನಿಲ್ಲಿಸಿ ಮಂಡಕ್ಕಿ, ಮಿರ್ಚಿ ಹೇಳಿದೆ. ಅವನು ಮುಟ್ಟಲಿಲ್ಲ.

"ಮಾಮ, ನಾವು ಜೋರಾಗೇನೂ ಎಸೀತಿರ್ಲಿಲ್ಲ. ಸುಮ್ನೆ ಹಿಂಗೆ ಮೇಲಕ್ಕೆ ತೂರ್ತಿದ್ವಿ ಅಷ್ಟೇ" ಅಂದ.

ಎಂಜಿನಿಯರಿಂಗ್ ಓದಿದ್ದು ಅಪರೂಪಕ್ಕೆ ಉಪಯೋಗಕ್ಕೆ ಬಂತು. ಮಂಡಕ್ಕಿ ಕಟ್ಟಿದ್ದ ಪೇಪರ್ ಮೇಲೇ ಬರೆದು ತೋರಿಸಿದೆ. ಗಂಟೆಗೆ 110 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಮೂವತ್ತು ಮೀಟರ್‌ಗಿಂತ ಜಾಸ್ತಿ. ನೀನು ಜೋರಾಗಿ ಎಸೆಯೋದೇ ಬೇಡ, ಕಲ್ಲು ಸುಮ್ನೆ ಗಾಳಿಯಲ್ಲಿದ್ರೆ ಸಾಕು, ರೈಲೇ ಬಂದು ಹೊಡೆಯುತ್ತೆ. ಆ ಹೊಡೆತ, ಅದೇ ಕಲ್ಲನ್ನು 47 ಮೀಟರ್ ಎತ್ತರದಿಂದ ಒಬ್ಬರ ಮೇಲೆ ಬಿಟ್ಟಷ್ಟು. ಹೆಚ್ಚುಕಡಿಮೆ ಹದಿನೈದು ಮಹಡಿ ಕಟ್ಟಡ. ಇನ್ನು ಹಳಿ ಮಧ್ಯೆ ನಿಂತವನನ್ನು ನೋಡಿ ಲೋಕೋ ಪೈಲಟ್ ಬ್ರೇಕ್ ಹಾಕಿದ್ರೂ ಆ ವೇಗದ ರೈಲು ತಕ್ಷಣ ನಿಲ್ಲಲ್ಲ. ನಿಲ್ಲೋಕೆ ನೂರಾರು ಮೀಟರ್ ಬೇಕು.

ಪುಟ್ಟ ಲೆಕ್ಕವನ್ನೇ ನೋಡ್ತಾ ಕೂತ. ಲೆಕ್ಕ ಹೇಳಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಬುದ್ಧಿ ಹೇಳಿದ ಮಾವ ಅನ್ನೋ ಹೆಸರೂ ಬರ್ತಿತ್ತು. ಆದರೆ ಆಗಲಿಲ್ಲ.

ನಾನೂ ಆರನೇ ಕ್ಲಾಸಿನ ರಜೆಯಲ್ಲಿ ಅದೇ ಕೆಲಸ ಮಾಡಿದ್ದೆ. ನಮ್ಮೂರಲ್ಲಿ ಕಲ್ಲು ಎಸೆಯೋದು ಒಂದು ವಿದ್ಯೆ. ಹುಣಸೆಕಾಯಿಗೆ ಎಸೀತಿದ್ವಿ, ಮಾವಿನಕಾಯಿಗೆ ಎಸೀತಿದ್ವಿ, ತುಂಗಭದ್ರೆಯ ನೀರಿನ ಮೇಲೆ ಕಲ್ಲು ಜಿಗಿಸ್ತಿದ್ವಿ. ಅತ್ತೆ ಮನೆ ಹಿಂದಿನ ಹಳಿ ಹತ್ತಿರ ಅಲ್ಲಿನ ಹುಡುಗರು "ಹಳ್ಳಿ ಗುಗ್ಗು, ನಿನ್ನ ಕೈಲಿ ಆಗುತ್ತೇನೋ" ಅಂದರು. ಪ್ಯಾಸೆಂಜರ್ ರೈಲು ಹೋಗ್ತಿತ್ತು. ಎಸೆದೆ. ತೆರೆದ ಕಿಟಕಿ, ಸರಳಿನ ಮೇಲೆ ಬಳೆ ಹಾಕಿದ್ದ ಒಂದು ಕೈ. ಆ ಕೈ ಫಕ್ಕನೆ ಒಳಗೆ ಹೋಯ್ತು. ರೈಲೂ ಹೋಯ್ತು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಓಡಿದೆ, ಎರಡು ದಿನ ಅತ್ತೆ ಮನೆ ಬಾಗಿಲು ದಾಟಲಿಲ್ಲ. ನನ್ನನ್ನು ಯಾರೂ ಹಿಡಿಯಲಿಲ್ಲ, ಯಾರೂ ಕೇಳಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಎಲ್ಲ ಕೇಳಿದ ಮೇಲೆ ಪುಟ್ಟ ಒಂದೇ ಪ್ರಶ್ನೆ ಕೇಳಿದ. "ಮಾಮ, ಅವ್ರಿಗೆ ಏನಾಯ್ತು?"

"ಗೊತ್ತಿಲ್ಲ ಕಣೋ. ಅದೇ ನೋಡು."

ಕಲ್ಲು ಕೈಗೆ ತಗುಲಿತೋ, ಕಣ್ಣಿಗೋ, ಪಕ್ಕದಲ್ಲಿದ್ದ ಮಗುವಿಗೋ, ಅಥವಾ ಸರಳಿಗೆ ಬಡಿದು ಕೆಳಗೆ ಬಿತ್ತೋ. ರೈಲು ನಿಲ್ಲಲ್ಲ, ಹೋಗಿಬಿಡುತ್ತೆ. ಎಸೆದವನಿಗೆ ಅದೊಂದು ಆಟವಾಗಿಯೇ ಉಳಿಯೋದು ಅದಕ್ಕೇ. ಪುಟ್ಟನನ್ನು ಹಿಡಿದವರ ಮೇಲೆ ಅಕ್ಕನಿಗೆ ಇನ್ನೂ ಸಿಟ್ಟಿದೆ, "ಮಕ್ಕಳನ್ನ ಠಾಣೆಗೆ ಕರ್ಕೊಂಡು ಹೋಗಬೇಕಿತ್ತಾ" ಅಂತಾಳೆ. ನನಗೆ ಮಾತ್ರ ಅವನು ಅದೃಷ್ಟವಂತ ಅನ್ಸುತ್ತೆ. ಕಲ್ಲು ಕೈಯಲ್ಲಿದ್ದಾಗಲೇ ಅವನನ್ನು ಒಬ್ಬರು ತಡೆದರು. ನನ್ನನ್ನು ತಡೆದಿದ್ದರೆ ಆ ಕೈ ನನ್ನ ಕನಸಿಗೆ ಬರ್ತಿರಲಿಲ್ಲ.

ಅವತ್ತು ರಾತ್ರಿ ಅಕ್ಕನಿಗೂ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಅದಕ್ಕೇ ಆ ರಜೆಯಲ್ಲಿ ಬೇಗ ಊರಿಗೆ ಹೋಗೋಣ ಅಂತ ಹಟ ಮಾಡಿದ್ದೇನೋ ನೀನು" ಅಂದಳು. ಅವಳಿಗೆ ಅದು ನೆನಪಿತ್ತು.

ನಿಮ್ಮ ಮನೆ ಹತ್ತಿರ ಹಳಿ ಇದ್ದು, ಹುಡುಗರು ಅಲ್ಲಿ ಗುಂಪು ಕಟ್ಟಿರೋದು ಕಂಡರೆ ವಿಡಿಯೋ ಮಾಡ್ತಾ ನಿಲ್ಲಬೇಡಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ಸೆಕ್ಷನ್ ನಂಬರ್ ಹೇಳಿ ಹೆದರಿಸೋದಕ್ಕಿಂತ ಮೊದಲು, ನೀವು ಮಾಡಿದ್ದು ಏನಾದರೂ ಇದ್ದರೆ ಅದನ್ನು ಹೇಳಿ. ಪುಟ್ಟ ನನ್ನ ಲೆಕ್ಕ ಮರೆತಿದ್ದಾನೆ. ಆ ಬಳೆಯ ಕೈ ಮರೆತಿಲ್ಲ. ಮೊನ್ನೆ ಫೋನ್ ಮಾಡಿದಾಗಲೂ ಅದನ್ನೇ ಕೇಳಿದ.